ಎರಡು ಮಳೆಗಾಲ, ಎರಡು ಸಾವಿರ ಚೂರು

ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ನನ್ನ ಕನ್ನಡಿ ಫಲಕ ಬೆಂಗಳೂರಿನ ಒಂದು ಮನೆಯ ಗೋಡೆ ಮೇಲೆ ಎರಡು ಮಳೆಗಾಲ ಕಳೆದಿದೆ. ಒಂದು ಚೂರೂ ಉದುರಿಲ್ಲ. ಕನ್ನಡಿ ಹಿಂಬದಿಯ ರಸದ ಲೇಪ ಕಪ್ಪಾಗಿಲ್ಲ. "ಮಳೆಗಾಲ ಬರಲಿ, ಆಮೇಲೆ ಮಾತಾಡೋಣ" ಅಂದಿದ್ದವರೇ ಈಗ ಫೋನ್ ಮಾಡಿ "ಯಾವ ಗಮ್ ಹಾಕಿದ್ರಿ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಲ್ಲವನ್ನೂ ಹೇಳುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ನಾನು ಮೈಸೂರು ಶೈಲಿಯ ಚಿತ್ರ ಮಾಡುವವಳು. ಉಬ್ಬು ಕೆಲಸಕ್ಕೆ ಗೆಸ್ಸೋ ಎಂಬ ಬಿಳಿ ಲೇಪ, ಚಿನ್ನದ ರೇಕು, ದೇವರ ಮುಖ, ಇದರಲ್ಲೇ ಇಪ್ಪತ್ತು ವರ್ಷ ಹೋಯಿತು. ಬೇಜಾರು ಅಂತಲ್ಲ. ಆದರೆ ಹಳೆಯ ಕಸಬು ಕೈಯಲ್ಲಿಟ್ಟುಕೊಂಡು ಹೊಸದೇನಾದರೂ ಮಾಡಲು ಹೊರಟರೆ ನಮ್ಮಲ್ಲಿ ಸುಲಭದ ದಾರಿ ಒಂದೇ. ಅದೇ ಗಣಪತಿಯನ್ನು ಸ್ವಲ್ಪ ಸೊಟ್ಟ ಬರೆದು ಮಾಡರ್ನ್ ಅನ್ನುವುದು. ಅದನ್ನು ನಾನೂ ಮಾಡಿದ್ದೇನೆ, ಮಾರಿಯೂ ಇದ್ದೇನೆ. ಹೀಗಿರುವಾಗ ಇರಾನಿನ ಕಲಾವಿದೆ ಮೊನೀರ್ ಶಾರೂದಿ ಫರ್ಮಾನ್‌ಫರ್ಮಾಯಾನ್ ಅವರ ಕನ್ನಡಿ ಕೆಲಸದ ಫೋಟೋಗಳು ಕಣ್ಣಿಗೆ ಬಿದ್ದವು. ಬೇರೆ ಎಲ್ಲ ಬಿಟ್ಟು ಅದರ ಹಿಂದೆ ಬಿದ್ದೆ.

ಮೊನೀರ್ ಗೊತ್ತಿಲ್ಲದವರಿಗೆ ಎರಡು ಮಾತು. 1922ರಲ್ಲಿ ಇರಾನಿನ ಕಜ್ವೀನ್‌ನಲ್ಲಿ ಹುಟ್ಟಿದವರು. ನ್ಯೂಯಾರ್ಕ್‌ನಲ್ಲಿ ಓದಿ, ಅಲ್ಲೇ ಡಿಸೈನರ್ ಆಗಿ ಕೆಲಸ ಮಾಡಿ, ಆಮೇಲೆ ಊರಿಗೆ ಮರಳಿದರು. ಶಿರಾಜ್‌ನ ಶಾಹ್ ಚೆರಾಗ್ ದರ್ಗಾದ ಒಳಗೆ ಗೋಡೆ, ಕಮಾನು, ಛಾವಣಿ ಎಲ್ಲಾ ಕನ್ನಡಿ ಚೂರು. ಅದನ್ನು ನೋಡಿ ತಲೆ ತಿರುಗಿತಂತೆ. ಆ ಕೆಲಸಕ್ಕೆ ಅವರ ಭಾಷೆಯಲ್ಲಿ ಆಯಿನೆಕಾರಿ ಅನ್ನುತ್ತಾರೆ. ಮೊನೀರ್ ತಾವೇ ಗಾಜು ಕತ್ತರಿಸಲು ಕೂರಲಿಲ್ಲ. ಹಾಜಿ ಉಸ್ತಾದ್ ಮೊಹಮ್ಮದ್ ನವೀದ್ ಎಂಬ ಹಳೆಯ ಕಸಬುದಾರರನ್ನು ಜೊತೆಗೆ ಸೇರಿಸಿಕೊಂಡರು. ನಕ್ಷೆ ಇವರದು, ಕೈ ಅವರದು. 1979ರ ಕ್ರಾಂತಿಯಾದ ಮೇಲೆ ನ್ಯೂಯಾರ್ಕ್‌ನಲ್ಲೇ ಉಳಿಯಬೇಕಾಯಿತು. ಅಲ್ಲಿ ಅಂಥ ಕೈಗಳಿರಲಿಲ್ಲ. ವರ್ಷಗಟ್ಟಲೆ ಕಾಗದದ ಮೇಲೆ ರೇಖೆಗಳು, ಕೊಲಾಜ್, ಇಷ್ಟೇ. 2004ರಲ್ಲಿ ಟೆಹ್ರಾನ್‌ಗೆ ಮರಳಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಕಸಬುದಾರರನ್ನು ಕೂರಿಸಿಕೊಂಡು ಕೆಲಸ ಶುರುಮಾಡಿದರು. 2015ರಲ್ಲಿ ನ್ಯೂಯಾರ್ಕ್‌ನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಅವರ ದೊಡ್ಡ ಪ್ರದರ್ಶನ ನಡೆಯಿತು. 2019ರಲ್ಲಿ ತೀರಿಕೊಂಡರು.

2018ರಲ್ಲಿ ನಾನು ಇರಾನ್‌ಗೆ ಹೋಗಿಬಂದೆ. ಹತ್ತು ದಿನಕ್ಕೆ ವಿಮಾನವೂ ಸೇರಿ ಸುಮಾರು 95 ಸಾವಿರ ಖರ್ಚಾಯಿತು. ಒಂದು ಎಳೆ ಸರ ಬ್ಯಾಂಕಿಗೆ ಹೋಯಿತು. ಶಾಹ್ ಚೆರಾಗ್‌ನಲ್ಲಿ ಬಾಗಿಲಲ್ಲೇ ಹೂವಿನ ಚಾದರ ಕೊಟ್ಟರು. ಹೊದ್ದು ಒಳಗೆ ಹೋದೆ. ಸಾವಿರಾರು ಕನ್ನಡಿಗಳಿದ್ದರೂ ನನ್ನ ಮುಖ ಎಲ್ಲೂ ಕಾಣಲಿಲ್ಲ! ಚಾದರದ ಒಂದು ಹೂವು ಇಲ್ಲಿ, ಒಂದು ಅಲ್ಲಿ, ಮಧ್ಯೆ ಹಸಿರು ಬೆಳಕು. ನಾನು ನಡೆದರೆ ಗೋಡೆಯೇ ಕದಲುತ್ತಿತ್ತು. ಅರ್ಧ ಗಂಟೆ ನೋಡಿದೆ, ಯಾಕೆ ಹೀಗೆ ಅಂತ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಆಮೇಲಿನ ಅರುವತ್ತು ಸಾವಿರ ಉಳಿಯುತ್ತಿತ್ತು.

ಟೆಹ್ರಾನ್‌ನಲ್ಲಿ ನೆಗಾರಿಸ್ತಾನ್ ಬಾಗ್ ಎಂಬ ಹಳೆಯ ತೋಟದೊಳಗೆ ಮೊನೀರ್ ಅವರದೇ ಮ್ಯೂಸಿಯಂ ಇದೆ. ನಾನು ಹೋದಾಗ ಅದು ಬಾಗಿಲು ತೆರೆದು ಕೆಲವೇ ತಿಂಗಳಾಗಿತ್ತು. ಲೇಬಲ್‌ಗಳಲ್ಲಿ ಬರೆದಿದ್ದು ಕನ್ನಡಿ, ಗಾಜಿನ ಹಿಂದೆ ಬರೆದ ಚಿತ್ರ, ಗಚ್, ಮರ. ಗಚ್ ಅಂದರೆ ಜಿಪ್ಸಮ್. ನಾವು ಗಾರೆ ಗಚ್ಚು ಅನ್ನುತ್ತೇವಲ್ಲ, ಅದೇ ಪದ. ಉಸ್ತಾದ್ ಅಂದರೆ ನಮ್ಮ ಗರಡಿಮನೆಯ ವಸ್ತಾದ್. ಅರ್ಧ ಸಾಮಾನು ನಮ್ಮ ಮನೆಯದೇ ಅನ್ನಿಸಿತು. ಧೈರ್ಯ ಬಂತು. ಅದು ತಪ್ಪು ಧೈರ್ಯ.

ಊರಿಗೆ ಬಂದು ಗಾಜು ಕತ್ತರಿಸುವ ಚಾಚಾ ಹತ್ತಿರ ಹೋದೆ. ನನ್ನ ಫ್ರೇಮ್‌ಗಳೆಲ್ಲ ಅವರದೇ. ನಕ್ಷೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಇಷ್ಟು ಚೂರು ಮಾಡೋದಾದ್ರೆ ಒಡೆದ ಕನ್ನಡೀನೇ ತಗೊಂಡು ಹೋಗಿ ಮೇಡಂ. ಮೂಲೇಲಿ ಬಿದ್ದಿದೆ, ದುಡ್ಡೂ ಬೇಡ" ಅಂದರು. ಮನೆಯಲ್ಲಿ ಅತ್ತೆಯದು ಇನ್ನೊಂದು ರಗಳೆ. ಒಡೆದ ಕನ್ನಡಿ ಮನೆಯೊಳಗೆ ಇಡಬಾರದು. ನಾನು ಅವರಿಗೆ ಇರಾನಿನ ಕಥೆ ಹೇಳಿದೆ. ವೆನಿಸ್‌ನಿಂದ ಅರಮನೆಗೆ ತರಿಸಿದ ದೊಡ್ಡ ಕನ್ನಡಿಗಳು ದಾರಿಯಲ್ಲೇ ಒಡೆದುಹೋಗುತ್ತಿದ್ದವಂತೆ, ಆ ಚೂರುಗಳಿಂದಲೇ ಈ ಕಸಬು ಹುಟ್ಟಿತಂತೆ, ಈಗ ಅದು ದೇವರ ಜಾಗದಲ್ಲಿದೆ ಅಂತ. "ಅವರ ದೇವರು ಒಪ್ಪಿರಬಹುದು" ಅಂದು ಒಳಗೆ ಹೋದರು. ಕೆಲಸ ಹಿತ್ತಿಲಿನ ಶೆಡ್ಡಿಗೆ ಬಂತು.

ಮೊದಲನೆಯದು ಎರಡಡಿ ಫಲಕ. ಅಂಗಡಿಯಲ್ಲಿ ಸಿಗುವ 4 ಮಿಲಿಮೀಟರ್ ಕನ್ನಡಿ, ಮರದ ಪುಡಿ ಒತ್ತಿ ಮಾಡುವ ಎಂಡಿಎಫ್ ಹಲಗೆ, ಗಚ್ಚಿನ ಜಾಗಕ್ಕೆ ನಮ್ಮ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಅದೂ ಜಿಪ್ಸಮ್ಮೇ. ಪಿಒಪಿ ಹಸಿ ಇರುವಾಗಲೇ ಚೂರು ಒತ್ತಿದೆ, ಏಕೆಂದರೆ ಶಿರಾಜ್‌ನಲ್ಲಿ ಒಬ್ಬ ಕಸಬುದಾರ ಹಾಗೇ ಒತ್ತುವುದನ್ನು ನೋಡಿದ್ದೆ. ನೀರು ಕುಡಿದ ಎಂಡಿಎಫ್ ಊದಿಕೊಂಡಿತು. ಮೂರು ವಾರದಲ್ಲಿ ಕನ್ನಡಿಗಳ ಅಂಚಿನಿಂದ ಕಪ್ಪು ಚುಕ್ಕೆ ಹರಡಿತು. ದಪ್ಪ ಗಾಜಿನ ಹಸಿರು ಅಂಚು ಎಲ್ಲ ಕಡೆ ಎದ್ದು ಕಾಣುತ್ತಿತ್ತು. ನೋಡಿದ ಗೆಳತಿ "ಬ್ಯೂಟಿ ಪಾರ್ಲರ್‌ಗಾ?" ಅಂದಳು. 9 ಸಾವಿರ ಮಣ್ಣಾಯಿತು.

ಶಿರಾಜ್‌ನ ಗಾಳಿ ಒಣ. ನಮ್ಮದು ಜುಲೈ. ಇಷ್ಟು ಸಣ್ಣ ವಿಷಯ ತಲೆಗೆ ಹೊಳೆಯಲು ಎರಡನೆಯ ಫಲಕವೂ ಹಾಳಾಗಬೇಕಾಯಿತು. ಅಲ್ಲಿ ಗಚ್ಚಿಗೆ ಸೆರಿಶ್ ಎಂಬ ಗಿಡದ ಬೇರಿನ ಅಂಟು ಬೆರೆಸುತ್ತಾರೆ. ಇಲ್ಲಿ ಸಿಗುವುದಿಲ್ಲ. ಮೈದಾ ಅಂಟು ಬೆರೆಸಿದೆ. ಹದಿನೈದು ದಿನಕ್ಕೆ ಬೂಸ್ಟು. ಹುಣಸೆ ಬೀಜದ ಅಂಟು ಬೆರೆಸಿದೆ. ಅದು ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು, ಆದರೆ ಜಿರಳೆಗಳು ಬಂದವು. ಬೇಸತ್ತು ಸಿಲಿಕೋನ್‌ಗೆ ಹೋದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುವ ಮಾಮೂಲಿ ಸಿಲಿಕೋನ್‌ಗೆ ವಿನೆಗರ್ ವಾಸನೆ ಇರುತ್ತದಲ್ಲ, ಆ ಆಮ್ಲವೇ ಕನ್ನಡಿಯ ರಸವನ್ನು ತಿಂದುಹಾಕುತ್ತದೆ. ಮೂರನೆಯ ಫಲಕವನ್ನು ಗುಜರಿಯವನೂ ಮುಟ್ಟಲಿಲ್ಲ.

ಈಗ ಮಾಡುವುದು ಹೀಗೆ. ನೀರು ತಡೆಯುವ ಮೆರೀನ್ ಪ್ಲೈವುಡ್, 19 ಎಂಎಂ, ಎರಡೂ ಕಡೆ ಪ್ರೈಮರ್. ಗಚ್ಚಿನ ಕೆಲಸವನ್ನು ಫೆಬ್ರುವರಿ, ಮಾರ್ಚ್‌ನಲ್ಲೇ ಮುಗಿಸುತ್ತೇನೆ. ಕನಿಷ್ಠ ಮೂರು ವಾರ ಒಣಗಬೇಕು. ಮುಟ್ಟಿದರೆ ತಣ್ಣಗಿದೆ ಅನ್ನಿಸಿದರೆ ಇನ್ನೂ ಒಣಗಿಲ್ಲ ಅಂತಲೇ ಅರ್ಥ. ಆಮೇಲೆ ಎರಡು ಕೋಟ್ ಫ್ರೆಂಚ್ ಪಾಲಿಶ್, ಅಂದರೆ ಅರಗಿನ ಪಾಲಿಶ್. ಅದರ ಮೇಲೆ ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್, ಚೂರಿಗೆ ಒಂದೊಂದು ಬೊಟ್ಟು. ಟ್ಯೂಬಿಗೆ ನೂರಿನ್ನೂರು ಜಾಸ್ತಿ. ಇದು ಶುದ್ಧ ಆಯಿನೆಕಾರಿ ಅಲ್ಲ ಅನ್ನುವವರಿದ್ದಾರೆ. ಅವರು ಜುಲೈನಲ್ಲಿ ಬಂದು ಶುದ್ಧವಾಗಿ ಮಾಡಿ ತೋರಿಸಲಿ.

ಗಚ್ಚಿನ ಬಗ್ಗೆ ಒಂದು ಮಾತು. ಇರಾನಿನವರಲ್ಲಿ ಗಚೆ ಕೊಶ್ತೆ ಅಂತ ಒಂದಿದೆ, ಕೊಂದ ಗಚ್ಚು ಅಂತ ಅರ್ಥ. ನೀರು ಜಾಸ್ತಿ ಹಾಕಿ, ಕೈ ಬಿಡದೆ ಕಲಸುತ್ತಾ ಹೋದರೆ ಗಚ್ಚು ಬೇಗ ಗಟ್ಟಿಯಾಗುವ ಹಟ ಬಿಡುತ್ತದೆ. ನಮ್ಮ ಪಿಒಪಿ ಹತ್ತು ಹದಿನೈದು ನಿಮಿಷಕ್ಕೆ ಕಲ್ಲು. ಕೊಂದ ಗಚ್ಚು ಬೆಣ್ಣೆಯಂತೆ ಕೈಗೆ ಸಿಗುತ್ತದೆ. ನಾನು ಇಡೀ ಫಲಕಕ್ಕೆ ಅದನ್ನೇ ಹಾಕಿ ಮೋಸಹೋದೆ. ಒಣಗಿದ ಮೇಲೆ ರಾಗಿ ಹಿಟ್ಟಿನ ಹಾಗೆ ಉದುರಿತು. ಅದು ಮೇಲಿನ ತೆಳು ಪದರಕ್ಕೆ ಮಾತ್ರ. ಮೈ ಕಟ್ಟಲು ಮಾಮೂಲಿ ಪಿಒಪಿಯೇ ಬೇಕು. ಎಷ್ಟು ಹೊತ್ತು ಕಲಸಬೇಕು, ಆ ನೀರಿಗೆ ನಾನೇನು ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಕನ್ನಡಿಯದು ದೊಡ್ಡ ಹುಡುಕಾಟ. 4 ಎಂಎಂ ಹಾಕಿದರೆ ನಾಲ್ಕಡಿ ಫಲಕಕ್ಕೆ ಗಾಜಿನ ತೂಕವೇ 15 ಕಿಲೋ. ಲಂಬಾಣಿ ಕಸೂತಿಗೆ ಕನ್ನಡಿ ಬಿಲ್ಲೆ ಮಾರುವವರನ್ನು ಕೇಳಿದೆ. ಅವರಿಂದ ಗುಜರಾತಿನ ಒಬ್ಬ ವ್ಯಾಪಾರಿಯ ನಂಬರ್ ಸಿಕ್ಕಿತು. ಒಂದೂವರೆ ಎಂಎಂಗಿಂತ ತೆಳು ಹಾಳೆ. ಮೊದಲ ಪೆಟ್ಟಿಗೆಯಲ್ಲಿ ಮೂರನೇ ಒಂದು ಪಾಲು ಒಡೆದೇ ಬಂತು. ವೆನಿಸ್ ಕಥೆ ನೆನಪಾಯಿತು, ಆದರೆ ನಗು ಬರಲಿಲ್ಲ, 4 ಸಾವಿರ ಹೋಗಿತ್ತಲ್ಲ. ಈಗ 5 ಕಿಲೋ ಗಾಜಿನಲ್ಲಿ ಫಲಕ ಮುಗಿಯುತ್ತದೆ, ಕೂಡು ಗೆರೆ ಕೂದಲಿನಷ್ಟು.

ಇಷ್ಟೆಲ್ಲ ಆದರೂ ನಾಲ್ಕನೆಯ ಫಲಕ ಸತ್ತಂತೆ ಇತ್ತು. ಅಂಟು ಸರಿ, ಕಟಿಂಗ್ ಸರಿ. ಎದುರು ನಿಂತರೆ ಗೆರೆ ಎಳೆದ ನನ್ನದೇ ಮುಖ. ಒಂದು ರಾತ್ರಿ ಶೆಡ್ಡಿನಲ್ಲಿ ಕರೆಂಟ್ ಹೋಯಿತು. ಟಾರ್ಚ್ ಹಿಡಿದು ಬಂದೆ. ಸರಿಯಾಗಿ ಕೂರದೆ ಸ್ವಲ್ಪ ವಾಲಿದ್ದ ನಾಲ್ಕೈದು ಚೂರು ಮಾತ್ರ ಬೆಳಕನ್ನು ಛಾವಣಿಗೆ, ಬಾಗಿಲಿಗೆ ಎಸೆಯುತ್ತಿದ್ದವು. ಉಳಿದವೆಲ್ಲ ಒಂದೇ ಕಡೆಗೆ. ಅಯ್ಯೋ, ಇಷ್ಟೇನಾ ಅಂದುಕೊಂಡೆ. ಶಾಹ್ ಚೆರಾಗ್‌ನಲ್ಲಿ ಚೂರುಗಳು ಒಂದೇ ಮಟ್ಟದಲ್ಲಿಲ್ಲ. ಅದಕ್ಕೇ ಮುಖ ಕೂಡುವುದಿಲ್ಲ.

ಆಮೇಲೆ ಆರು ತ್ರಿಕೋನ ಸೇರುವ ಒಂದೊಂದು ಷಟ್ಕೋನವನ್ನೂ ನಡುವೆ 6 ಎಂಎಂ ಎತ್ತರಿಸಿ ಸಣ್ಣ ಗುಡ್ಡೆ ಮಾಡಿದೆ. ಅದರಲ್ಲೂ ಒಂದು ಪೆಟ್ಟು ತಿಂದೆ. 4 ಸೆಂಟಿಮೀಟರ್ ಬಾಹುವಿನ ಸಮಬಾಹು ತ್ರಿಕೋನ ಏಳುನೂರು ಕತ್ತರಿಸಿಟ್ಟಿದ್ದೆವು. ಕೂರಿಸಿ ನೋಡಿದರೆ ಪ್ರತಿ ಗುಡ್ಡೆಯ ತುದಿಯಲ್ಲೂ ಸಾಸಿವೆ ಕಾಳಿನಷ್ಟು ತೂತು! ಇಳಿಜಾರಿನ ಮೇಲೆ ಉದ್ದ ಜಾಸ್ತಿ ಬೇಕಲ್ಲವಾ? ಅರ್ಧ ಮಿಲಿಮೀಟರ್ ಅಷ್ಟೇ. ಹೈಸ್ಕೂಲ್ ಲೆಕ್ಕ. ನಮ್ಮನೆಯವರು ಗಣಿತ ಮೇಷ್ಟ್ರು, ಮೂರು ದಿನ ನಕ್ಕರು. ಚಾಚಾ ನಗಲಿಲ್ಲ. ಸಾಗುವಾನಿ ತುಂಡಿನಲ್ಲಿ ತಾವೇ ಒಂದು ಅಚ್ಚು ಮಾಡಿ ತಂದರು. ಮೊದಲು ಪಟ್ಟಿ, ಆಮೇಲೆ ಓರೆ, ಗಂಟೆಗೆ ನೂರು ಚೂರು ಕಣ್ಣುಮುಚ್ಚಿ ಬರುತ್ತವೆ. ಆ ಅಚ್ಚಿನ ಫೋಟೋ ಕೇಳಬೇಡಿ, ಅದು ಅವರದು.

ನಡುವೆ ಬೇರೆ ಆಟಗಳೂ ಆದವು. ಇರಾನಿನ ಶಿಲ್ಪಿ ಪರ್ವೀಜ್ ತನಾವೋಲಿ 1965ರಿಂದ ಹೀಚ್ ಎಂಬ ಒಂದೇ ಪದವನ್ನು ಶಿಲ್ಪ ಮಾಡುತ್ತಾ ಬಂದಿದ್ದಾರೆ. ಹೀಚ್ ಅಂದರೆ ಏನೂ ಇಲ್ಲ. ಆ ಪದ ಕುರ್ಚಿಯ ಮೇಲೆ ಕೂರುತ್ತದೆ, ಪಂಜರದೊಳಗಿಂದ ಇಣುಕುತ್ತದೆ, ಥೇಟ್ ಮನುಷ್ಯನ ಹಾಗೆ. ನಮಗೂ ಬಯಲು ಅನ್ನುವ ಪದ ಇದೆಯಲ್ಲ ಅಂತ ಜೇಡಿಮಣ್ಣಿನಲ್ಲಿ ಮಾಡಲು ಹೋದೆ. ಫಾರ್ಸಿ ಅಕ್ಷರ ಒಂದಕ್ಕೊಂದು ಕೈ ಹಿಡಿದು ನಿಲ್ಲುತ್ತವೆ. ನಮ್ಮವು ಬಿಡಿಬಿಡಿ, ದುಂಡಗೆ ಉರುಳುತ್ತವೆ. ಬ, ಯ ನಿಂತವು. ಲು ಬಾಲ ಸಮೇತ ಸುಡುವ ಗೂಡಿನಲ್ಲೇ ಮುರಿಯಿತು. ಸಿಯಾಹ್ ಮಶ್ಕ್ ಅಂತ ಇನ್ನೊಂದು, ಅಕ್ಷರ ತಿದ್ದುತ್ತಾ ತಿದ್ದುತ್ತಾ ಹಾಳೆ ಕಪ್ಪಾಗುವ ಅಭ್ಯಾಸ. ಇರಾನಿನ ಕಲಾವಿದೆ ಗುಲ್ನಾಜ್ ಫತ್ಹಿಯಂಥವರು ಅದನ್ನೇ ಓದಲಾಗದ ದೊಡ್ಡ ಗೀಟುಗಳಾಗಿ ಕ್ಯಾನ್ವಾಸ್‌ಗೆ ತಂದಿದ್ದಾರೆ. ನಾನು ಕನ್ನಡದಲ್ಲಿ ಒಂದು ಹಾಳೆ ತುಂಬಿಸಿದೆ. ನಮ್ಮನೆಯವರು ನೋಡಿ "ಯಾವ ಹುಡುಗನಿಗೆ ಇಂಪೊಸಿಷನ್ ಕೊಟ್ಟೆ?" ಅಂದರು. ಅಲ್ಲಿಗೆ ಅದು ಮುಗಿಯಿತು. ಅಲ್ಲಿಯವರೇ ಆದ ಚಿತ್ರಕಾರ ಫರ್ಹಾದ್ ಮೊಶೀರಿಯ ಹಾಗೆ ಕ್ಯಾನ್ವಾಸ್ ಮೇಲೆ ಗಡಿಗೆ ಬರೆದು, ಬಟ್ಟೆ ಮುದುರಿ ಬಣ್ಣಕ್ಕೆ ಬಿರುಕು ಬಿಡಿಸಲೂ ಪ್ರಯತ್ನಿಸಿದೆ. ಬಿರುಕು ಬರಲಿಲ್ಲ, ಬಣ್ಣವೇ ಎದ್ದು ಬಂತು. ಇದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ತನಾವೋಲಿ, ಚಿತ್ರಕಾರ ಜೆಂದೆರೂದಿ ಇವರ ಗುಂಪಿಗೆ ವಿಮರ್ಶಕ ಕರೀಮ್ ಇಮಾಮಿ ಸಕ್ಕಾಖಾನೆ ಅಂತ ಹೆಸರಿಟ್ಟರು. ಸಕ್ಕಾಖಾನೆ ಅಂದರೆ ಬೀದಿಯಲ್ಲಿ ಬಾಯಾರಿದವರಿಗೆ ನೀರಿಡುವ ಗೂಡು, ನಮ್ಮ ಅರವಟ್ಟಿಗೆ ಇದ್ದ ಹಾಗೆ. ಜನ ಹರಕೆ ಹೊತ್ತು ಅದರ ಸರಳಿಗೆ ಬೀಗ ಹಾಕುತ್ತಾರೆ, ಬಟ್ಟೆ ಕಟ್ಟುತ್ತಾರೆ. ಆ ಬೀಗ, ತಾಯಿತದ ಹಾಳೆ, ಇಂಥ ಬೀದಿ ಸಾಮಾನೇ ಅವರ ಬಂಡವಾಳ. ಒಂದು ಕಲಾ ಶಿಬಿರದಲ್ಲಿ ಒಬ್ಬ ಹಿರಿಯರು ನನ್ನ ಫಲಕ ನೋಡಿ "ಇದು ಡೆಕೋರೇಷನ್ ಅಮ್ಮ, ಆರ್ಟ್ ಅಲ್ಲ" ಅಂದಾಗ ಇದನ್ನೆಲ್ಲ ಹೇಳಬೇಕೆಂದು ಬಾಯಿ ತುದಿಗೆ ಬಂದಿತ್ತು. ಹೇಳಲಿಲ್ಲ. ದೀಪ ಆರಿಸಿ ಒಂದು ಮೇಣದಬತ್ತಿ ಹಚ್ಚಿದೆ. ಅವರು ಕಾಫಿ ಲೋಟ ಹಿಡಿದುಕೊಂಡು ಎಡಕ್ಕೆ ಬಲಕ್ಕೆ ಓಡಾಡಿದರು, ಏನೂ ಅನ್ನಲಿಲ್ಲ.

ಲೆಕ್ಕಕ್ಕೆ ಬರುತ್ತೇನೆ. ಹಾಳಾದ ನಾಲ್ಕು ಫಲಕ, ಒಡೆದ ಹಾಳೆ, ತಪ್ಪು ಸಿಲಿಕೋನ್, ಚಾಚಾ ಕೂಲಿ ಎಲ್ಲ ಸೇರಿ ಹೆಚ್ಚುಕಡಿಮೆ 60 ಸಾವಿರ. ಪ್ರಯಾಣ ಬೇರೆ. ಗೆದ್ದ ಫಲಕಕ್ಕೆ ಸಾಮಾನು 22 ಸಾವಿರದ ಹತ್ತಿರ, ಚೂರು 2,000 ಆಸುಪಾಸು, ಇಬ್ಬರ ಕೆಲಸ ಎರಡೂವರೆ ತಿಂಗಳು. ಒಂದು ಲಕ್ಷದ ನಲವತ್ತಕ್ಕೆ ಹೋಯಿತು. ಕೊನೆಯ ಕಂತು ಬರಲು ಎಂಟು ತಿಂಗಳು, ಫೋನ್ ಎಷ್ಟು ಮಾಡಿದೆನೋ ಲೆಕ್ಕವಿಲ್ಲ. 2008ರಲ್ಲಿ ದುಬೈ ಹರಾಜಿನಲ್ಲಿ ತನಾವೋಲಿಯ ಗೋಡೆಯಾಕಾರದ ಶಿಲ್ಪವೊಂದು 28 ಲಕ್ಷ ಡಾಲರ್ ದಾಟಿತ್ತು. ನನ್ನದು ಇನ್ನೂ ಸ್ವಲ್ಪ ದೂರ ಇದೆ.

ಈಗ ಹೊಸ ಹುಚ್ಚು. ಮೊನೀರ್ ಕನ್ನಡಿಯ ನಡುವೆ ಗಾಜಿನ ಹಿಂದೆ ಬರೆದ ಬಣ್ಣದ ತುಂಡುಗಳನ್ನೂ ಕೂರಿಸುತ್ತಿದ್ದರು. ಗಾಜಿನ ಹಿಂದೆ ಬರೆಯುವ ಕೆಲಸ ಮೈಸೂರಿನಲ್ಲೂ ಹಿಂದೆ ಇತ್ತು. ಎಲ್ಲ ಉಲ್ಟಾ. ಕಣ್ಣಿನ ಹೊಳಪು ಮೊದಲು, ಹಿನ್ನೆಲೆ ಕೊನೆಗೆ. ಮೂರು ತಿಂಗಳಿಂದ ಕೈ ತಿದ್ದುತ್ತಿದ್ದೇನೆ, ಮೊದಲ ನೂರು ತುಂಡು ಒರೆಸಿಯೇ ಹೋದವು. ತುಂಡಿಗೆ ಗಾಜು ಬೇಕಿತ್ತು. ಹೋದ ವಾರ ಚಾಚಾ ಅಂಗಡಿಗೆ ಹೋಗಿ ಮೂಲೆಯ ರಾಶಿಗೆ ಕೈ ಹಾಕಿದೆ. "ಮೇಡಂ, ಈಗ ಅದಕ್ಕೂ ರೇಟ್ ಇದೆ" ಅಂದರು. ಕಿಲೋಗೆ ನಲವತ್ತು. ಚೌಕಾಸಿ ಮಾಡಿದೆ, ಒಪ್ಪಲಿಲ್ಲ.