ಬೊಕ್ಕತಲೆ, ಆದಾಯ ತೆರಿಗೆ ಮತ್ತು ಬೀಳ್ಕೊಡುಗೆ ಸಮಾರಂಭ: ನಗಿಸುವವರಿಗೆ ಕೆಲವು ಮಾತು

ಹಗಲು ದಾವಣಗೆರೆಯ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಆದಾಯ ತೆರಿಗೆಯ ರಿಟರ್ನ್ (ವರ್ಷದ ಆದಾಯ, ತೆರಿಗೆಯ ವಿವರಪತ್ರ) ತುಂಬುತ್ತೇನೆ, ಸಂಜೆ ನಿವೃತ್ತಿ ಸಮಾರಂಭಗಳ ನಿರೂಪಣೆ ಮಾಡುತ್ತೇನೆ. ಹೊಸದಾಗಿ ಮೈಕು ಹಿಡಿದವರು ಮೊದಲು ಕೈಹಾಕುವುದು ಎರಡೇ ವಿಷಯಕ್ಕೆ: ಮುಂದಿನ ಸಾಲಿನ ಬೊಕ್ಕತಲೆ ಮತ್ತು ಸಂಬಳದಲ್ಲಿ ಕಡಿತವಾದ ತೆರಿಗೆ. ಎರಡೂ ಒಳ್ಳೆಯ ವಸ್ತುಗಳೇ. ಆದರೆ ಎರಡನ್ನೂ ಒಂದೇ ಬಗೆಯಲ್ಲಿ ಮುಟ್ಟಬಾರದು. ತೆರಿಗೆಯ ಹಾಸ್ಯಕ್ಕೆ ಲೆಕ್ಕ ಸರಿಯಿರಬೇಕು. ಕೂದಲಿನ ಹಾಸ್ಯಕ್ಕೆ ಆ ತಲೆಯವರ ಒಪ್ಪಿಗೆ ಇರಬೇಕು.

ಲೆಕ್ಕದಿಂದಲೇ ಶುರುಮಾಡಿ. 'ವರ್ಷಕ್ಕೆ ಹತ್ತು ಲಕ್ಷ ಸಂಬಳದವರು ತೆರಿಗೆ ಕಟ್ಟಿ ಬರಿಗೈಯಾದರು' ಎಂದು ಹೇಳಿ ನೋಡಿ, ಸಭೆ ಸುಮ್ಮನಿರುತ್ತದೆ. 2025–26ರ ಆರ್ಥಿಕ ವರ್ಷದಿಂದ, ಉಳಿತಾಯ ತೋರಿಸುವ ಗೊಡವೆಯಿಲ್ಲದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬೀಳುವುದಿಲ್ಲ. ಸಂಬಳದಾರರಿಗೆ ರಸೀದಿ ಕೇಳದೆ ಆದಾಯದಿಂದ ಕಳೆಯುವ 75,000 ರೂಪಾಯಿ ಪ್ರಮಾಣಿತ ಕಡಿತವೂ ಸೇರಿ ಅದು 12.75 ಲಕ್ಷವಾಗುತ್ತದೆ. ಇದು ಕುರ್ಚಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಬಾಯಿಪಾಠ. ಅಂಕಿ ತಪ್ಪಿದರೆ ಅವರು ನಗುವುದು ಬಿಟ್ಟು ಮನಸ್ಸಿನಲ್ಲೇ ಲೆಕ್ಕ ಹಾಕಲು ತೊಡಗುತ್ತಾರೆ. ಅದಕ್ಕಿಂತ ಎಲ್ಲರೂ ಕಂಡುಂಡದ್ದನ್ನು ಹಿಡಿಯಿರಿ: ಫೆಬ್ರವರಿಯಲ್ಲಿ ಸೊರಗುವ ಸಂಬಳ, ಬಾಡಿಗೆ, ಉಳಿತಾಯ ತೋರಿಸಿ ತೆರಿಗೆ ತಗ್ಗಿಸಿಕೊಳ್ಳುವ ಹಳೆಯ ಪದ್ಧತಿಯವರು ಜನವರಿಯಲ್ಲಿ ಬಾಡಿಗೆ ರಸೀದಿಗಾಗಿ ಮನೆ ಮಾಲೀಕರ ಹಿಂದೆ ಅಲೆಯುವುದು, ರಿಟರ್ನ್ ಸಲ್ಲಿಸಲು ಜುಲೈ ಕೊನೆಯ ವಾರದಲ್ಲಿ ನೆನಪಾಗುವ ಪಾಸ್‌ವರ್ಡ್. ಸುಳ್ಳು ರಸೀದಿ ತಂದವನನ್ನು ಜಾಣ ಎಂದು ಮೆರೆಸುವ ಹಾಸ್ಯ ಬೇಡ. ನಿಯತ್ತಾಗಿ ಕಟ್ಟಿದವರೇ ಸಭೆಯಲ್ಲಿ ಹೆಚ್ಚು.

ಕೂದಲಿನ ವಿಷಯಕ್ಕೆ ಎಚ್ಚರ ಹೆಚ್ಚು ಬೇಕು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ, ದಿನಕ್ಕೆ 50ರಿಂದ 100 ಉದುರುವುದು ಸಹಜ. ಇಷ್ಟನ್ನು ಧಾರಾಳವಾಗಿ ಹೇಳಬಹುದು. ಆದರೆ ಒಬ್ಬರ ತಲೆ ಏಕೆ ಬೋಳಾಯಿತು ಎಂಬುದು ವೇದಿಕೆಯಿಂದ ಕಾಣುವುದಿಲ್ಲ. ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ ಬಂದ ಬಳುವಳಿಯಿರಬಹುದು, ಕ್ಯಾನ್ಸರ್ ಚಿಕಿತ್ಸೆಯೂ ಆಗಿರಬಹುದು. ಜೋರು ಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಹೆಂಗಸರ ಕೂದಲಿನ ಬಗ್ಗೆ ನಾನು ವೇದಿಕೆಯಲ್ಲಿ ಮಾತೇ ಎತ್ತುವುದಿಲ್ಲ. ಗಂಡಸರಾದರೂ ಕಾರ್ಯಕ್ರಮಕ್ಕೆ ಮೊದಲು ಪಕ್ಕಕ್ಕೆ ಕರೆದು, 'ಸರ್, ನಿಮ್ಮ ತಲೆಯ ಬಗ್ಗೆ ಒಂದು ಮಾತು ಆಡಲೇ?' ಎಂದು ಕೇಳುತ್ತೇನೆ. ಉತ್ತರ ತಡವಾದರೂ ಬಿಟ್ಟುಬಿಡುತ್ತೇನೆ.

ಎರಡನ್ನೂ ಸೇರಿಸುವಾಗ ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದಂತಾಗಬಾರದು. ಎರಡಕ್ಕೂ ಸಮಾನವಾದದ್ದು ಒಂದೇ: ನಮ್ಮದು ನಮ್ಮನ್ನು ಕೇಳದೆ ಹೋಗುತ್ತದೆ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಹಿಡಿದುಕೊಳ್ಳುವುದು ಟಿಡಿಎಸ್, ಹಾಗೆ ಹಿಡಿದದ್ದಕ್ಕೆ ಕಚೇರಿ ಕೊಡುವ ಪ್ರಮಾಣಪತ್ರ ಫಾರ್ಮ್ 16. ನಾನು ಹೇಳುವುದು ಹೀಗೆ: 'ಕೂದಲಿಗೂ ಟಿಡಿಎಸ್ ಇದೆ. ತಿಂಗಳು ತಿಂಗಳೂ ಕಡಿತವಾಗುತ್ತದೆ. ಫಾರ್ಮ್ 16 ಯಾರೂ ಕೊಡುವುದಿಲ್ಲ. ರಿಟರ್ನ್ ಹಾಕಿದರೂ ಬಾರದು ರೀಫಂಡ್.' 'ರೀಫಂಡ್' ಕೊನೆಗೇ ಬರಬೇಕು. ಅದು ಮೊದಲೇ ಬಾಯಿಂದ ಜಾರಿದರೆ ಉಳಿದದ್ದು ವಿವರಣೆಯಾಗುತ್ತದೆ. ಫಾರ್ಮ್ 16ರ ನಂತರ ಒಂದು ಉಸಿರು ನಿಲ್ಲಿಸಿ. ಸಂಬಳದಾರರು ಅಲ್ಲೇ ನಗಲು ಶುರುಮಾಡುತ್ತಾರೆ. ಇಲ್ಲಿ ಯಾರ ಹೆಸರೂ ಇಲ್ಲ, ಯಾರ ಕಡೆಗೂ ಬೆರಳು ತೋರಿಸುವ ಹಾಗಿಲ್ಲ. ಕೂದಲಿರುವವರೂ ಈ ಲೆಕ್ಕದ ಒಳಗೇ ಇದ್ದಾರೆ.

ಆಮೇಲೆ ಮೈಕನ್ನು ಬೊಕ್ಕತಲೆಯವರ ಕೈಗೇ ಕೊಡಿ. ನಿವೃತ್ತರಾಗುತ್ತಿದ್ದ ಮುಖ್ಯೋಪಾಧ್ಯಾಯರೊಬ್ಬರು ತಲೆ ಸವರಿಕೊಂಡು ಹೀಗೆಂದರು: 'ಹಳೆಯ ಪದ್ಧತಿಯಲ್ಲಿ ಎಣ್ಣೆ, ಬಾಚಣಿಗೆ, ಕ್ಷೌರ ಎಂದು ಎಷ್ಟೊಂದು ಖರ್ಚು ತೋರಿಸಬೇಕಿತ್ತು! ಈಗ ನನ್ನ ತಲೆ ಹೊಸ ಪದ್ಧತಿಗೆ ಬಂದಿದೆ. ಉಳಿತಾಯ ತೋರಿಸುವ ಹಾಗಿಲ್ಲ, ಲೆಕ್ಕ ಬಹಳ ಸುಲಭ.' ನಾನು ಎಷ್ಟು ತಿದ್ದಿ ಬರೆದಿದ್ದರೂ ಅಷ್ಟು ನಗು ಹುಟ್ಟುತ್ತಿರಲಿಲ್ಲ. ಇಂಥ ಮಾತನ್ನು ಬೇರೆ ಕಡೆ ಬಳಸುವ ಮುನ್ನ ಆಡಿದವರನ್ನು ಕೇಳಿ. ಪ್ರತಿ ಫೆಬ್ರವರಿ ಬಜೆಟ್ ಬಂದ ಮೇಲೆ ನಿಮ್ಮ ಟಿಪ್ಪಣಿಯಲ್ಲಿರುವ ಅಂಕಿಗಳನ್ನೂ ತಿದ್ದಿಕೊಳ್ಳಿ.