ಕುದುರೆ ಮೇಲೆ ಲಗೇಜ್ ಕಟ್ಟೋರಿಗೆ
ದಾವಣಗೆರೆಯಿಂದ ಅಮೆರಿಕಾಗೆ ಹೋಗಿರೋ ನಮ್ ಹುಡುಗ್ರು ಮೊಂಟಾನಾ ಕಾಡಲ್ಲಿ ಕುದುರೆ ಮೇಲೆ ಎಲ್ಕ್ (ಅಲ್ಲಿನ ದೊಡ್ಡ ಜಿಂಕೆ) ಬೇಟೆಗೆ ಹೋಗ್ತೀವಿ ಏನೇನ್ ಪ್ಯಾಕ್ ಮಾಡ್ಬೇಕು ಅಂತ ಕೇಳಿದ್ರಲ್ಲ (ಇಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಕಾಡಲ್ಲಿ ಈ ಐಡಿಯಾ ಬೇಡ್ರಪ್ಪಾ, 1972ರ ವನ್ಯಜೀವಿ ಕಾಯ್ದೆ ಐತೆ, ಸೀದಾ ಒಳಗೆ), ಏನ್ ಒಯ್ತೀರಿ ಅನ್ನೋದಕ್ಕಿಂತ ಹೆಂಗ್ ಕಟ್ತೀರಿ ಅನ್ನೋದೇ ಮುಖ್ಯ. ಎರಡೂ ಕಡೆ ಚೀಲದ ತೂಕ ಸಮ ಇರ್ಲೇಬೇಕು, ಕೈಯಲ್ಲಿ ಹಿಡಿಯೋ ತಕ್ಕಡಿ ಒಂದು ಇಟ್ಕೊಳ್ಳಿ, ಕಣ್ಣಂದಾಜು ನಂಬ್ಬೇಡಿ, ಏರು ಹತ್ತೋವಾಗ ಜೀನು ಒಂದ್ಕಡೆ ವಾಲಿದ್ರೆ ಪಾಪ ಕುದುರೆ ಬೆನ್ನು ಹುಣ್ಣಾಗುತ್ತೆ. ಒಟ್ಟು ಹೊರೆ ಜೀನೂ ಸೇರಿ ಕುದುರೆ ತೂಕದ ಶೇ 20ರ ಒಳಗೇ ಇರ್ಲಿ. ಸ್ಟೌ, ಪಾತ್ರೆ ಥರ ಗಟ್ಟಿ ಸಾಮಾನು ಹೊರಗಡೆ, ಮೆತ್ತಗಿರೋದು ಪಕ್ಕೆಲುಬಿನ ಕಡೆ. ಗಲಗಲ ಅನ್ನೋದಕ್ಕೆಲ್ಲ ಬಟ್ಟೆ ಸುತ್ತಿ, ಇಲ್ದಿದ್ರೆ ಆ ಸದ್ದಿಗೆ ಕುದುರೆ ಬೆದರುತ್ತೆ. ಬೆಂಕಿಪೊಟ್ಣ, ಟಾರ್ಚು, ಮ್ಯಾಪು ಮಾತ್ರ ನಿಮ್ ಜೇಬಲ್ಲೇ ಇರ್ಲಿ, ಕುದುರೆ ಓಡೋದ್ರೆ ಚೀಲನೂ ಅದ್ರ ಜೊತೇನೇ ಹೋಗುತ್ತೆ.