ಮಾರ್ಕರ್ ಹೋಲ್ಡರ್ ಮಾಡಿ ಮಾರೋ ಯೋಚನೆ ಇದ್ರೆ ಇದನ್ನ ಓದಿ

ಪರ್ಮನೆಂಟ್ ಮಾರ್ಕರ್ ಇಡೋಕೆ ಕೈಯಲ್ಲೇ ಮಾಡಿದ ಅಲಂಕಾರದ ಹೋಲ್ಡರ್ ಓಡತ್ತಾ? ಓಡತ್ತೆ, ಆದ್ರೆ ಪೆನ್ ಸ್ಟ್ಯಾಂಡ್ ಅಂತ ಮಾರೋಕೆ ಹೋಗ್ಬೇಡಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಪ್ಲಾಸ್ಟಿಕ್ ಸ್ಟ್ಯಾಂಡಿನ ರೇಟಿಗೆ ನಮ್ಮ ಕೈಕೆಲಸ ಇಳಿಯೋಕಾಗಲ್ಲ.

ನಮ್ಮ ಅಪಾರ್ಟ್‌ಮೆಂಟ್ ಸಂತೇಲಿ ನಾನು 12 ಇಟ್ಟಿದ್ದೆ. ಮೇಜಿನ ಮೇಲಿಡೋದನ್ನ ಎಲ್ಲರೂ ಎತ್ತಿ, 'ಎಷ್ಟು ಚೆನ್ನಾಗಿದೆ ಅಲ್ವಾ' ಅಂದು ವಾಪಸ್ ಇಟ್ರು. ಹೋಗಿದ್ದು ಫ್ರಿಜ್ಜಿಗೆ ಅಂಟೋ ಮ್ಯಾಗ್ನೆಟ್ ಇದ್ದವು. ಸಾರಿನ ಪುಡಿ ಡಬ್ಬಿ, ಉಪ್ಪಿನಕಾಯಿ ಜಾಡಿ ಮೇಲೆ ತಾರೀಖು ಬರೆಯೋರಿಗೆ ಮಾರ್ಕರ್ ಕೈಗೆ ಸಿಗೋದೇ ದೊಡ್ಡ ವಿಷಯ.

ಇನ್ನೊಂದು ಎಡವಟ್ಟು ಹೇಳ್ತೀನಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕೊಳವೆ ತಂದು ಮಾಡಿದ್ದೆ, ನೋಡೋಕೆ ಗೊಂಬೆ ಥರ. ಶಾಯಿ ತಾಗಿದ ಕಲೆ ತೆಗೆಯೋಣ ಅಂತ ಸ್ಯಾನಿಟೈಸರ್ ಹಾಕಿ ಉಜ್ಜಿದೆ. ಕಲೆ ಜೊತೆ ಹಳದಿ ಬಣ್ಣವೂ ಬಟ್ಟೆಗೆ ಬಂತು! ಅರಗು ಆಲ್ಕೋಹಾಲಲ್ಲಿ ಕರಗತ್ತೆ, ಮಾರ್ಕರ್ ಶಾಯಿಯಲ್ಲೂ ಸಾಮಾನ್ಯವಾಗಿ ಅದೇ ಇರತ್ತೆ. ಅದಕ್ಕೆ ಈಗ ಒಳಗಡೆ, ಬಾಯಿಯ ಅಂಚಿಗೆ ಬಣ್ಣ ಹಚ್ಚಲ್ಲ, ಬರೀ ಮರ ಬಿಡ್ತೀನಿ. ಗ್ಲೇಜ್ ಮಾಡಿದ ಸೆರಾಮಿಕ್ ಆದ್ರೆ ಈ ತಲೆನೋವೇ ಇಲ್ಲ.

ತೂತಿನ ಅಳತೆಗೆ ನಾಲ್ಕೈದು ಕಂಪನಿ ಮಾರ್ಕರ್ ಕೊಂಡು ತೂರಿಸಿ ನೋಡಿ, ದಪ್ಪ ಒಂದೇ ಇರಲ್ಲ. ಎರಡೂ ಕಡೆ ಮೊನೆ ಇರೋ ಮಾರ್ಕರ್‌ಗೆ ಅಡ್ಡ ಮಲಗಿಸೋ ಡಿಸೈನ್ ಮಾಡಿ.

ಬೆಂಗಳೂರಲ್ಲಿ ಜನವರಿಯಲ್ಲಿ ನಡೆಯೋ ಕಲಾಕೃತಿಗಳ ಮೇಳ ಚಿತ್ರಸಂತೆಗೆ ಬರೋರು ಒಳ್ಳೆ ಗಿರಾಕಿಗಳು ಅನ್ನಿಸತ್ತೆ. ಅದಕ್ಕೆ ಮುಂಚೆ 10 ಪೀಸ್ ಮಾಡಿ ಅಕ್ಕಪಕ್ಕದೋರಿಗೆ ದುಡ್ಡು ತಗೊಂಡೇ ಕೊಡಿ. ಪುಕ್ಕಟೆ ಕೊಟ್ರೆ ಎಲ್ಲರೂ ಚೆನ್ನಾಗಿದೆ ಅಂತಾರೆ.